ಗಂಟೆ ಬಾರಿಸಿದರೆ ಬರುತ್ತೇವೆ ಎನ್ನುವವರು

ಅಮ್ಮನಿಗೆ ಪಾರ್ಶ್ವವಾಯುವಿನ ಸಣ್ಣ ಹೊಡೆತ ಬಿದ್ದು ಎಡಗಾಲು ಹೇಳಿದ ಮಾತು ಕೇಳದಂತಾದಾಗ ನನ್ನ ತಮ್ಮ ಮಾಡಿದ ಮೊದಲ ಘನಕಾರ್ಯವೆಂದರೆ ಆನ್‌ಲೈನಿನಲ್ಲಿ ಒಂದು ಬೆಲ್ ತರಿಸಿದ್ದು. ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಳ್ಳುವ ಕೆಂಪು ಗುಂಡಿ ಅದು. ಒತ್ತಿದರೆ ಮೊಬೈಲು ಕೂಗಿಕೊಳ್ಳುತ್ತದೆ. "ಅಮ್ಮ, ಎಂತ ಬೇಕಾದ್ರೂ ಇದನ್ನ ಒತ್ತು, ಬಂದುಬಿಡ್ತೇವೆ" ಎಂದು ಹೇಳಿ, ಅದನ್ನು ಅಮ್ಮನ ಕೊರಳಿಗೆ ಹಾಕಿ, ಫೋಟೋ ತೆಗೆದು ಬಳಗದ ಗ್ರೂಪಿಗೆಲ್ಲ ಕಳಿಸಿದ. ಊರಿನ ಚಿಕ್ಕಮ್ಮಂದಿರೆಲ್ಲ ಕೈಮುಗಿದ ಚಿತ್ರ ಹಾಕಿ, ಇಂಥ ಮಗ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದರು.

ಮುಂಬಯಿಯ ಸಯನ್‌ನ ಫ್ಲ್ಯಾಟಿನಲ್ಲಿ ಅಮ್ಮನ ಜೊತೆ ಇರುವವರು ತಮ್ಮ ಮತ್ತು ಅವನ ಹೆಂಡತಿ. ತಮ್ಮ ಮನೆಯಿಂದಲೇ ಕಂಪನಿ ಕೆಲಸ ಮಾಡುವವನು. ಅವನು ಕೂರುವ ಮೇಜಿಗೂ ಅಮ್ಮನ ಮಂಚಕ್ಕೂ ನಡುವೆ ಇರುವುದು ಒಂದು ಗೋಡೆ. ನಾನು ಗಂಡನ ಜೊತೆ ಮುಲುಂಡ್‌ನಲ್ಲಿ ಇರುವವಳು, ಹಗಲೆಲ್ಲ ದಾದರ್‌ನ ಆಫೀಸಿನಲ್ಲಿ ಕೂತಿರುವವಳು. ಈಗ ಹೇಳಿ, ಆ ಗುಂಡಿ ಒತ್ತಿದಾಗ ಕೂಗಿಕೊಳ್ಳುತ್ತಿದ್ದದ್ದು ಯಾರ ಮೊಬೈಲು? ನನ್ನದು!

"ಫಸ್ಟ್ ನಂಬರ್ ನಿಂದೇ ಹಾಕಿದ್ದೇನೆ ಅಕ್ಕ. ನಿಂಗೆ ಈ ಟೆಕ್ನಿಕಲ್ ಎಲ್ಲ ಗೊತ್ತುಂಟಲ್ಲ" ಎಂದ ತಮ್ಮ. ಅವನಿಗೆ ಅದು ನನಗೆ ಕೊಟ್ಟ ಗೌರವದಂತೆ ಕಂಡಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು, ಏಕೆಂದರೆ ಇದೇ ಅವ್ಯವಸ್ಥೆಯ ಜೊತೆ ನಾನು ಆಫೀಸಿನಲ್ಲಿ ತಿಂಗಳುಗಟ್ಟಲೆ ಗುದ್ದಾಡುತ್ತಿದ್ದೆ.

ನನ್ನ ಕೆಲಸ ಏನೆಂದು ಅಮ್ಮನಿಗೆ ವಿವರಿಸಲು ನಾನು ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ. ತಂತಿಯಲ್ಲಿ ಬರುವ ಸುದ್ದಿಯನ್ನು ಕಂಪ್ಯೂಟರಿನೊಳಕ್ಕೆ ಬರಮಾಡಿಕೊಳ್ಳುವ ಬಾಗಿಲು ಒಂದಿರುತ್ತದೆ. ನೆಟ್‌ವರ್ಕ್ ಕಾರ್ಡ್ ಎನ್ನುತ್ತೇವೆ. ನಾನು ಆ ಬಾಗಿಲು ನೋಡಿಕೊಳ್ಳುವವಳು. ಸುದ್ದಿಯ ತುಣುಕು, ಅಂದರೆ ಪ್ಯಾಕೆಟ್, ಬಂದಾಗ ಕಾರ್ಡು ಪ್ರೊಸೆಸರಿಗೆ ಒಂದು ಬೆಲ್ ಹೊಡೆಯುತ್ತದೆ. ಅದು ಇಂಟರಪ್ಟ್. ಪ್ರೊಸೆಸರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, ಎಲ್ಲಿ ಬಿಟ್ಟೆ ಎಂದು ಗುರುತು ಹಾಕಿಕೊಂಡು, ಬಾಗಿಲಿಗೆ ಓಡಿ, ಪ್ಯಾಕೆಟ್ ಎತ್ತಿಕೊಂಡು, ಮತ್ತೆ ಬಂದು ಬಿಟ್ಟಲ್ಲಿಂದ ಹಿಡಿಯಬೇಕು. ಅಪರೂಪಕ್ಕೊಂದು ಪ್ಯಾಕೆಟ್ ಬರುವುದಾದರೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ. ಆದರೆ ಪ್ಯಾಕೆಟ್‌ಗಳು ಜಡಿಮಳೆಯಂತೆ ಸುರಿದಾಗ ಬಾಗಿಲಿಗೆ ಓಡುವುದೇ ಕೆಲಸವಾಗಿ, ಒಳಗಿನ ಅಡುಗೆ ಸೀದುಹೋಗುತ್ತದೆ. ಆಗ ಬೇಕಾದದ್ದು ಇನ್ನೊಂದು ದಾರಿ, ಪೋಲಿಂಗ್. ಬೆಲ್ಲಿನ ಬಾಯಿ ಮುಚ್ಚಿಸಿ, ಪ್ರೊಸೆಸರು ತಾನಾಗಿಯೇ ಆಗಾಗ ಹೋಗಿ ಬಾಗಿಲು ನೋಡುವುದು, ಬಂದಿರುವಷ್ಟನ್ನೂ ಒಟ್ಟಿಗೆ ಎತ್ತಿಕೊಂಡು ಬರುವುದು.

ಅಮ್ಮ ಇದನ್ನೆಲ್ಲ ಕೇಳಿ, "ಅಂದ್ರೆ ಬಕೆಟ್ ಹಿಡ್ಕೊಂಡು ತಿರುಗುವ ಕೆಲಸ" ಎಂದಿದ್ದಳು. ತಪ್ಪೇನೂ ಇಲ್ಲ. ನಮ್ಮದು ಉಡುಪಿ ಕಡೆಯ ಹೋಟೆಲಿನ ಸಂಸಾರ. ಅಪ್ಪ ಬದುಕಿರುವವರೆಗೂ ಸಯನ್ ಸ್ಟೇಷನ್ನಿನ ಹತ್ತಿರ ಸಣ್ಣ ಊಟದ ಹೋಟೆಲು ನಡೆಸುತ್ತಿದ್ದರು. ಅಲ್ಲಿ ಸಾಂಬಾರಿನ ಬಕೆಟ್ ಹಿಡಿದವನು ಮೇಜಿನಿಂದ ಮೇಜಿಗೆ ನಡೆಯುತ್ತಲೇ ಇರಬೇಕಿತ್ತು. ಬಟ್ಟಲು ಖಾಲಿಯಾದದ್ದು ಕಂಡರೆ ಹಾಕಬೇಕು, ಕೇಳುವಂತಿಲ್ಲ. ಗಿರಾಕಿ ಕೈಯೆತ್ತಿ ಕರೆದನೋ, ಅಪ್ಪ ಗಲ್ಲಾದ ಹಿಂದಿನಿಂದಲೇ ಕಣ್ಣು ಕೆಂಪಗೆ ಮಾಡುತ್ತಿದ್ದರು. "ಅವರು ಕರೆಯುವವರೆಗೆ ನೀವು ಎಂತ ಮಾಡ್ತಿದ್ರಿ?" ಎಂದು ಆಮೇಲೆ ಅಡುಗೆಮನೆಯಲ್ಲಿ ಮಂಗಳಾರತಿ ಆಗುತ್ತಿತ್ತು.

ನಮ್ಮ ಕಂಪನಿ ಷೇರು ಪೇಟೆಯ ದಲ್ಲಾಳಿಗಳಿಗೆ ಮಷಿನ್ ಒದಗಿಸುತ್ತದೆ. ಪೇಟೆಯಿಂದ ಬರುವ ಬೆಲೆಗಳನ್ನು ಹಿಡಿದು ಅವರ ಪರದೆಯ ಮೇಲೆ ತೋರಿಸುವ ಮಷಿನ್. ಬೆಳಿಗ್ಗೆ ಪೇಟೆ ತೆರೆಯುವ ಹೊತ್ತಿಗೆ ಬೆಲೆಗಳು ಮುಗಿಬಿದ್ದು ಬರುತ್ತವೆ, ದಾದರ್‌ನಲ್ಲಿ ಲೋಕಲ್ ರೈಲು ನಿಂತಾಗ ಇಳಿಯುವವರೂ ಹತ್ತುವವರೂ ಒಂದೇ ಬಾಗಿಲಿಗೆ ನುಗ್ಗುವ ಹಾಗೆ. ಆ ಹೊತ್ತಿನಲ್ಲಿ ನಮ್ಮ ಮಷಿನ್ ಕಣ್ಣು ಮುಚ್ಚುತ್ತಿತ್ತು. ಪರದೆಗಳು ನಿಂತಲ್ಲೇ ನಿಲ್ಲುತ್ತಿದ್ದವು, ದಲ್ಲಾಳಿಗಳು ಫೋನಿನಲ್ಲಿ ಬಾಯಿಗೆ ಬಂದಂತೆ ಬೈಯುತ್ತಿದ್ದರು.

ಕಾರಣ ನನಗೆ ಮೊದಲ ದಿನವೇ ಗೊತ್ತಾಯಿತು. ಈಗಿನ ಮಷಿನ್ ಎಂದರೆ ಒಬ್ಬ ಪ್ರೊಸೆಸರ್ ಅಲ್ಲ, ಒಂದು ತಂಡ. ಒಂದೊಂದನ್ನೂ ಕೋರ್ ಎನ್ನುತ್ತೇವೆ. ನಮ್ಮ ಮಷಿನ್ನಿನಲ್ಲಿ ಬಾಗಿಲಿನ ಬೆಲ್ ಎಲ್ಲವೂ ಮೊದಲನೆಯ ಕೋರಿಗೇ ಹೊಡೆಯುವಂತೆ ಇತ್ತು. ಯಾರೂ ಬೇಕೆಂದು ಮಾಡಿದ್ದಲ್ಲ. ಯಾರೂ ಏನೂ ಮಾಡದೆ ಬಿಟ್ಟರೆ ಹಾಗೆಯೇ ಆಗುತ್ತದೆ, ಮೊದಲು ನಿಂತವನ ತಲೆಗೆ. ಆ ಒಂದು ಕೋರು ಉಸಿರುಗಟ್ಟಿ ಸಾಯುತ್ತಿರುವಾಗ ಉಳಿದವು ಕಾಲ ಮೇಲೆ ಕಾಲು ಹಾಕಿ ಕೂತಿದ್ದವು. ಒಂದು ಬೆಲ್ ಹೊಡೆದ ಮೇಲೆ ಸ್ವಲ್ಪ ಹೊತ್ತು ತಾನಾಗಿ ನೋಡುವ ಬುದ್ಧಿ ಈಗಿನ ವ್ಯವಸ್ಥೆಗಳಿಗೆ ಇದ್ದೇ ಇದೆ. ಆದರೆ ಎಲ್ಲವನ್ನೂ ಒಂದರ ಮೇಲೇ ಹೇರಿದರೆ ಯಾವ ಬುದ್ಧಿ ಏನು ಮಾಡೀತು?

ಮ್ಯಾನೇಜರ್ ಸಾಹೇಬರಿಗೆ ಇದನ್ನು ತೋರಿಸಿದೆ. ಅವರು ತಮ್ಮ ಲ್ಯಾಪ್‌ಟಾಪ್ ತಿರುಗಿಸಿ ನನಗೇ ತೋರಿಸಿದರು. ಅವರ ಪರದೆಯ ಮೇಲೆ ಇಡೀ ಮಷಿನ್ನಿನ ಸರಾಸರಿ ಹೊರೆ ಒಂದು ಹಸಿರು ಗೆರೆಯಾಗಿ ತಣ್ಣಗೆ ತಳದಲ್ಲಿ ಮಲಗಿತ್ತು. "ಮೇಡಂ, ಮಷಿನ್ ತೋ ಆರಾಮ್ ಮೇ ಹೈ" ಎಂದರು. ಸರಾಸರಿಯಂತೆ! ಒಬ್ಬಳು ಬಾವಿಯಲ್ಲಿ ಮುಳುಗುತ್ತಿದ್ದಾಳೆ, ದಂಡೆಯ ಮೇಲೆ ಹತ್ತು ಜನ ಒಣಗಿ ನಿಂತಿದ್ದಾರೆ, ಸರಾಸರಿಯಲ್ಲಿ ಎಲ್ಲರ ಪಾದ ಮಾತ್ರ ಒದ್ದೆ. ಕೊನೆಗೆ ಅವರು ಕೊಟ್ಟ ಪರಿಹಾರವೇನು ಗೊತ್ತೇ? ಇನ್ನೂ ಹೆಚ್ಚು ಕೋರ್ ಇರುವ, ಇನ್ನೂ ದೊಡ್ಡ ಮಷಿನ್ ತರಿಸಿದರು. ಬೆಲ್ ಆಗಲೂ ಮೊದಲನೆಯದಕ್ಕೇ ಹೊಡೆಯಿತು. ಸುಮ್ಮನೆ ಕೂರುವವರ ಸಂಖ್ಯೆ ಹೆಚ್ಚಾದದ್ದರಿಂದ ಸರಾಸರಿ ಇನ್ನೂ ಇಳಿಯಿತು. ಅವರ ಸಂತೋಷ ನೋಡಬೇಕಿತ್ತು.

ಇಂಥ ಸಭೆಗಳ ನಡುವೆ ನನ್ನ ಮೊಬೈಲು ಕೂಗಿಕೊಳ್ಳುತ್ತಿತ್ತು. ಸಯನ್‌ನಲ್ಲಿ ಅಮ್ಮ ಗುಂಡಿ ಒತ್ತಿದ್ದಾಳೆ ಎಂದು ದಾದರ್‌ನಲ್ಲಿ ನಾನು ಸಭೆ ಬಿಟ್ಟು ಕಾರಿಡಾರಿಗೆ ಓಡಬೇಕು. ಅಲ್ಲಿಂದ ಸಯನ್‌ಗೆ, ಅಮ್ಮನ ಗೋಡೆಯಾಚೆ ಕೂತಿರುವ ತಮ್ಮನಿಗೆ, ಫೋನು ಮಾಡಬೇಕು.

"ಅಮ್ಮ ಕರೀತಿದ್ದಾಳೆ, ಹೋಗಿ ನೋಡು."

"ಹೌದಾ? ನಾನು ಕಾಲ್‌ನಲ್ಲಿದ್ದೇನೆ ಮಾರಾಯ್ತಿ. ಇವಳಿಗೆ ಫೋನ್ ಮಾಡಿ ಹೇಳು."

ಅವನ ಹೆಂಡತಿ ಅಡುಗೆಮನೆಯಲ್ಲಿರುತ್ತಿದ್ದಳು. ಅವಳಿಗೆ ಫೋನು ಮಾಡಿದರೆ ಮಿಕ್ಸರಿನ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ. ಕೊನೆಗೆ ಯಾರೋ ಒಬ್ಬರು ಹೋಗಿ, ಏನು ಎಂದು ಕೇಳುವ ಹೊತ್ತಿಗೆ ಅಮ್ಮ "ಎಂತ ಇಲ್ಲ, ಕೈತಪ್ಪಿ ಒತ್ತಿದೆ" ಎನ್ನುತ್ತಿದ್ದಳು. ನಾನು ಸಭೆಗೆ ವಾಪಸು ಬಂದರೆ ಸಾಹೇಬರು ಗಡಿಯಾರ ನೋಡುತ್ತಿದ್ದರು, ಹೆಂಗಸರಿಗೆ ಮನೆಯ ಚಿಂತೆ ತಪ್ಪಿದ್ದಲ್ಲ ಎಂಬ ಮುಖ ಮಾಡುತ್ತಿದ್ದರು.

ಒಂದು ಭಾನುವಾರ ಹೋಗಿ ಮೂವರ ನಂಬರನ್ನೂ ಅದರಲ್ಲಿ ಹಾಕಿಸಿದೆ. ಹತ್ತು ಜನರ ನಡುವೆ ಹಾವು ಸಾಯದು ಎಂಬ ಗಾದೆ ನನಗೆ ಗೊತ್ತಿಲ್ಲದ್ದಲ್ಲ. ಬೇರೆ ದಾರಿ ಕಾಣಲಿಲ್ಲ. ಆದದ್ದೂ ಹಾಗೆಯೇ. ಮೂರು ಮೊಬೈಲು ಒಟ್ಟಿಗೆ ಕೂಗಿದಾಗ ಅವನು ಹೋಗುತ್ತಾನೆಂದು ಇವಳು, ಇವಳು ಹೋಗುತ್ತಾಳೆಂದು ಅವನು ಸುಮ್ಮನಿರುತ್ತಿದ್ದರು. ಒಂದು ಬೆಳಿಗ್ಗೆ ಮಾತ್ರ ಇಬ್ಬರೂ ಹೋದರು, ಆದರೆ ಒಬ್ಬರ ಹಿಂದೆ ಒಬ್ಬರು. ಇಬ್ಬರೂ ಬಿಪಿಯ ಮಾತ್ರೆ ಕೊಟ್ಟರು. ಅಮ್ಮ ಎರಡನ್ನೂ ನುಂಗಿದಳು. ಸಂಜೆ ನಾನು ಹೋಗಿದ್ದಾಗ ಅಮ್ಮ ತಲೆ ಸುತ್ತುತ್ತದೆ ಎಂದಳು, ವಿಷಯ ಹೊರಬಿತ್ತು.

"ಎರಡನೆಯದು ಯಾಕೆ ತಿಂದೆ ಅಮ್ಮ?"

"ಕೊಟ್ಟ, ತಿಂದೆ. ಪಾಪ, ಕೆಲಸ ಬಿಟ್ಟು ಬಂದಿದ್ದ."

ಎರಡು ಕೋರುಗಳನ್ನು ಒಂದೇ ಸಾಲಿನ ಮುಂದೆ ನಿಲ್ಲಿಸಿ, ಯಾರು ಯಾವುದನ್ನು ಎತ್ತಬೇಕೆಂದು ಹೇಳದಿದ್ದರೆ ಆಗುವ ಅನಾಹುತವನ್ನು ನಾನು ಹೊಸ ಹುಡುಗರಿಗೆ ಪಾಠ ಮಾಡುತ್ತೇನೆ. ನಮ್ಮ ಮನೆಯಲ್ಲಿ ಅದು ಅಮ್ಮನ ಹೊಟ್ಟೆಯಲ್ಲಿ ನಡೆದುಹೋಯಿತು. ಡಾಕ್ಟರಿಗೆ ಫೋನು ಮಾಡಿ, ಅವರು ಹೇಳಿದಂತೆ ಅಮ್ಮನನ್ನು ಮಲಗಿಸಿ, ಮತ್ತೆ ಮತ್ತೆ ಬಿಪಿ ನೋಡುತ್ತ ಕೂತೆ. ತಮ್ಮನಿಗೂ ಅವನ ಹೆಂಡತಿಗೂ ಅವತ್ತು ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಆಮೇಲೆ ಗುಂಡಿ ಸದ್ದು ಮಾಡುವುದನ್ನೇ ನಿಲ್ಲಿಸಿತು. ವಾರವಿಡೀ ಒಂದು ಕೂಗೂ ಇಲ್ಲ. "ನೋಡು ಅಕ್ಕ, ಈಗ ಆರಾಮಿದ್ದಾಳೆ. ಬೆಲ್ ಹೊಡೆಯುವುದೇ ಇಲ್ಲ" ಎಂದು ತಮ್ಮ ಹಿಗ್ಗಿದ. ನನ್ನ ಕಸುಬಿನಲ್ಲಿ ಸದ್ದಿಲ್ಲದಿರುವುದು ಆರಾಮದ ಲಕ್ಷಣವಲ್ಲ. ಪ್ಯಾಕೆಟ್‌ಗಳು ಕಾಯುವ ಜಾಗ ತುಂಬಿಹೋದರೆ, ಮುಂದೆ ಬಂದವನ್ನು ಕಾರ್ಡು ಬಾಗಿಲಲ್ಲೇ ಬೀಳಿಸಿಬಿಡುತ್ತದೆ. ಬಿದ್ದದ್ದಕ್ಕೆ ಬೆಲ್ ಹೊಡೆಯುವುದಿಲ್ಲ. ಒಳಗಿರುವವರಿಗೆ ಏನೋ ಬಂದಿತ್ತೆಂಬುದೇ ತಿಳಿಯುವುದಿಲ್ಲ. ಹಾಗಾಗಿ ನಾನು ಆಫೀಸಿನಿಂದ ಬರುವಾಗ ಸ್ಲೋ ಲೋಕಲ್ ಹಿಡಿದು ದಿನವೂ ಸಯನ್‌ನಲ್ಲಿ ಇಳಿಯತೊಡಗಿದೆ. ಅಮ್ಮನ ತಲೆದೆಸೆಯಲ್ಲಿ ನೀರಿನ ಚೊಂಬು ತುಂಬಿದ್ದು ತುಂಬಿದಂತೆಯೇ ಇರುತ್ತಿತ್ತು. ತುಟಿ ಒಡೆದಿತ್ತು.

"ನೀರು ಕೊಡ್ತಿದ್ದೀಯಾ ಇಲ್ವಾ?" ಎಂದು ತಮ್ಮನ ಹೆಂಡತಿಯನ್ನು ಕೇಳಿದೆ.

ಅವಳು ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಅವಳ ಬಾಯಲ್ಲಿ ತಡವರಿಸುತ್ತದೆ. "ಅತ್ತಿಗೆ, ನಾನು ಕೇಳ್ತೇನೆ. ರೋಜ್ ಕೇಳ್ತೇನೆ. ಅತ್ತೆ, ನೀರು ಬೇಕಾ? ಅವರು ಬೇಡ ಹೇಳ್ತಾರೆ. ಮೈ ಕ್ಯಾ ಕರೂಂ?"

ಅವಳು ಸುಳ್ಳು ಹೇಳುತ್ತಿರಲಿಲ್ಲ. ಆದರೆ ನಮ್ಮ ಕಡೆಯ ಹೆಂಗಸಿನ ಮೊದಲ 'ಬೇಡ'ಕ್ಕೆ ಬೆಲೆಯೇ ಇಲ್ಲವೆಂದು ಅವಳಿಗೆ ಯಾರು ಹೇಳಿಕೊಟ್ಟಿದ್ದರು? ಊಟದ ಪಂಕ್ತಿಯಲ್ಲಿ ಬಡಿಸುವವರು ಬಂದಾಗ ಎಲೆಗೆ ಕೈ ಅಡ್ಡ ಹಿಡಿದು ಬೇಡ ಬೇಡ ಎನ್ನಬೇಕು. ಅವರು ಸ್ವಲ್ಪ, ಚೂರೇ ಚೂರು ಎಂದು ಒತ್ತಾಯಿಸಬೇಕು. ಆಗ ಕೈ ಮೆಲ್ಲಗೆ ಸರಿಯುತ್ತದೆ. ಹಸಿವಾಗಿದೆ ಬಡಿಸಿ ಎಂದು ಬಾಯಿಬಿಟ್ಟು ಕೇಳಿದವಳನ್ನು ಮರ್ಯಾದಸ್ಥೆ ಎನ್ನುವುದಿಲ್ಲ. ಅಮ್ಮ ಹೀಗೆ ಪಳಗಿದವಳು. ತನ್ನ ಹೊಟ್ಟೆಗೆ ತಾನು ಕೇಳಿಕೊಳ್ಳುವುದನ್ನು ಯಾರೂ ಅವಳಿಗೆ ಕಲಿಸಿಲ್ಲ. ಅಂಥವಳ ಕೊರಳಿಗೆ ಗುಂಡಿ ಕಟ್ಟಿ, ಬೇಕಾದರೆ ಒತ್ತು ಎಂದರೆ ಅವಳು ಒತ್ತುತ್ತಾಳೆಯೇ? ತಮ್ಮನಿಗೆ ಇದು ಗೊತ್ತಿತ್ತು. ಅವನು ಅದೇ ಪಂಕ್ತಿಗಳಲ್ಲಿ ಉಂಡು ಬೆಳೆದವನು. ಗೊತ್ತಿದ್ದೂ ಗುಂಡಿ ತಂದದ್ದು ನನಗೆ ಇವತ್ತಿಗೂ ಸಿಟ್ಟು ಬರಿಸುತ್ತದೆ.

ನೀರನ್ನು ಕೇಳಬೇಡ, ಕೈಗೆ ಕೊಡು, ಕುಡಿಯುವವರೆಗೆ ಅಲ್ಲೇ ನಿಲ್ಲು ಎಂದು ಹೇಳಿ ಬಂದೆ. ಅದು ನಡೆಗೆ ಬರುವ ಮೊದಲೇ ಅಮ್ಮನ ಆರೋಗ್ಯ ಕೆಟ್ಟಿತು. ಒಂದು ಮಧ್ಯಾಹ್ನ ತಮ್ಮನ ಫೋನು ಬಂತು. ಅಮ್ಮ ಏನೇನೋ ಮಾತಾಡುತ್ತಿದ್ದಾಳೆ, ತನ್ನನ್ನೇ ಗುರುತು ಹಿಡಿಯುತ್ತಿಲ್ಲ ಎಂದು ಅಳುತ್ತಿದ್ದ. ನಾನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅಮ್ಮನ ಕೈಗೆ ಡ್ರಿಪ್ ಹಾಕಿದ್ದರು. ನನ್ನನ್ನು ನೋಡಿ "ನೀವು ಯಾವಾಗ ಬಂದ್ರಿ? ಕಾಪಿ ಕುಡಿದ್ರಾ?" ಎಂದು ಬಹುವಚನದಲ್ಲಿ ಉಪಚಾರ ಮಾಡಿದಳು. ಯಾರೋ ಅತಿಥಿ ಎಂದುಕೊಂಡಿದ್ದಳು.

ಮೈಯಲ್ಲಿ ನೀರಿಲ್ಲ, ಮೂತ್ರದ ಸೋಂಕು ತಲೆಗೇರಿದೆ ಎಂದರು ಡಾಕ್ಟರು. ದಿನಕ್ಕೆ ಎಷ್ಟು ನೀರು ಕುಡಿಯುತ್ತಾರೆ ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ತಮ್ಮ ಮುಖ ಒರೆಸಿಕೊಂಡು, "ಬೆಲ್ ಕೊಟ್ಟಿದ್ದೇವೆ ಡಾಕ್ಟರ್, ಅವರು ಒತ್ತಲೇ ಇಲ್ಲ" ಎಂದ. ಡಾಕ್ಟರು ಅವನ ಮುಖ ನೋಡಿ ಮುಂದಿನ ಮಂಚಕ್ಕೆ ಹೋದರು.

ಬುದ್ಧಿ ತಿಳಿಯಾದ ಮೇಲೆ ಅಮ್ಮ ನನಗೊಬ್ಬಳಿಗೇ ಹೇಳಿದಳು. "ನೀರು ಕುಡಿದ್ರೆ ಬಾತ್‌ರೂಮಿಗೆ ಹೋಗ್ಬೇಕು ಮಗಾ. ಹೋಗ್ಬೇಕಾದ್ರೆ ಯಾರಾದ್ರೂ ಹಿಡ್ಕೊಳ್ಬೇಕು. ಹಿಡ್ಕೊಳ್ಳೋದಕ್ಕೆ ಕರೀಬೇಕು. ಕರೆದ್ರೆ ನಿಂಗೆ ಆಫೀಸಲ್ಲಿ ತೊಂದ್ರೆ, ಅವನಿಗೆ ಮೀಟಿಂಗು, ಅವಳಿಗೆ ಅಡುಗೆ. ಅದಕ್ಕೆ ನೀರು ಕುಡಿಯುವುದೇ ಬೇಡ ಅಂತ."

ಬೇರೆಯವರಿಗೆ ಬೆಲ್ ಹೊಡೆಯಬಾರದೆಂದು ತನ್ನ ಬಾಯಾರಿಕೆಯನ್ನೇ ಬಾಗಿಲಲ್ಲಿ ಬೀಳಿಸಿಬಿಟ್ಟಿದ್ದಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ತಮ್ಮನ ಮೇಲೆ, ಗುಂಡಿ ಮಾರಿದವರ ಮೇಲೆ, ಕರೆದರೆ ಮಾತ್ರ ಬರಬೇಕೆಂದುಕೊಂಡ ಪ್ರತಿಯೊಬ್ಬರ ಮೇಲೆ. ಇಂಥ ಮರ್ಯಾದೆಯನ್ನು ಹೆಣ್ಣುಮಕ್ಕಳಿಗೆ ಹಾಲಿನ ಜೊತೆ ಕುಡಿಸಿದ ಹಳೆಯ ಹೆಂಗಸರ ಮೇಲೂ.

ಅಮ್ಮ ಮನೆಗೆ ಬಂದ ದಿನ ನಾಲ್ಕೂ ಜನ ಸೇರಿದೆವು. ನನ್ನ ಗಂಡನೂ ಬಂದಿದ್ದರು. ಇಂಥ ಸಭೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ನನಗೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಗೊತ್ತಿತ್ತು.

"ಅಕ್ಕ, ನೀನು ಕೆಲಸ ಬಿಡುವುದು ಒಳ್ಳೇದು" ಎಂದ ತಮ್ಮ. "ಅಮ್ಮನ ಮನಸ್ಸು ನಿಂಗೆ ಗೊತ್ತಾಗುವಷ್ಟು ನಮ್ಗೆ ಗೊತ್ತಾಗುವುದಿಲ್ಲ. ನಿನ್ನ ಮಗಳದ್ದೂ ಮದುವೆ ಆಗಿದೆ. ಇನ್ನು ಎಂತಕ್ಕೆ ಈ ಲೋಕಲ್‌ನಲ್ಲಿ ಒದ್ದಾಡುವುದು?"

ನನ್ನ ಗಂಡ ನೆಲ ನೋಡುತ್ತ, "ಯೋಚನೆ ಮಾಡು" ಎಂದರು.

ಯೋಚನೆ ಮಾಡಬೇಕಾದವಳೂ ನಾನೇ! ಮಷಿನ್ನಿನಲ್ಲಿದ್ದಂತೆಯೇ, ತಂಡದಲ್ಲಿ ಎಷ್ಟು ಜನರಿದ್ದರೂ ಹೊಡೆಯುವ ಬೆಲ್ಲೆಲ್ಲ ಮೊದಲನೆಯವಳಿಗೆ. ಅವಳು ಉಸಿರುಗಟ್ಟಿದಾಗ ಉಳಿದವರು ಹೇಳುವ ಪರಿಹಾರವೆಂದರೆ, ಅವಳು ಬೇರೆ ಎಲ್ಲ ಕೆಲಸ ಬಿಟ್ಟು ಬೆಲ್ ಒಂದಕ್ಕೇ ಇರಲಿ. ನಾನು ಎಂಜಿನಿಯರಿಂಗ್ ಓದುವಾಗ ಅಪ್ಪನ ಹೋಟೆಲಿನ ಮೆಜ್ಜನೈನ್ ಅಟ್ಟದಲ್ಲಿ, ಅಡುಗೆಯ ಹೊಗೆಯಲ್ಲಿ, ಈರುಳ್ಳಿ ಮೂಟೆಯ ಮೇಲೆ ಕೂತು ಓದಿದವಳು. ನನ್ನ ಕಸುಬು ನನಗೆ ಸಂಬಳದ ವಿಷಯ ಮಾತ್ರ ಅಲ್ಲ. ಒಂದು ಮಷಿನ್ ಯಾಕೆ ಮುಗ್ಗರಿಸುತ್ತಿದೆಯೆಂದು ಕಂಡುಹಿಡಿದ ದಿನ ನನಗೆ ಅನ್ನ ರುಚಿಸುತ್ತದೆ. ಅದನ್ನು ಇವರೆಲ್ಲ ಲೋಕಲ್‌ನಲ್ಲಿ ಒದ್ದಾಡುವುದು ಎನ್ನುತ್ತಾರೆ.

"ನಾನು ಬಿಡುವುದಿಲ್ಲ" ಎಂದೆ. "ಅಮ್ಮನನ್ನೂ ಬಿಡುವುದಿಲ್ಲ. ಆ ಗುಂಡಿ ತೆಗೆಯಿರಿ."

"ಅರೆ, ಗುಂಡಿ ಎಂತ ಮಾಡಿತು? ಬಿನಾ ರೋಯೇ ಮಾ ಭೀ ದೂಧ್ ನಹೀ ಪಿಲಾತಿ ಅಂತಾರೆ ಅಕ್ಕ. ಕರೆದ್ರೆ ತಾನೇ ಗೊತ್ತಾಗುವುದು?"

"ಅಳದ ಮಗುವಿಗೆ ತಾಯಿಯೂ ಹಾಲು ಕೊಡುವುದಿಲ್ಲ ಅಂತ ಯಾವ ತಾಯಿಯ ಎದುರು ಹೇಳ್ತಿದ್ದೀಯ? ನೀನು ಅತ್ತ ಮೇಲೆ ಅವಳು ಹಾಲು ಕೊಟ್ಟದ್ದಾ? ನಿದ್ದೆಯಿಂದ ಎಬ್ಬಿಸಿ ಕುಡಿಸಿದವಳು ಅವಳು!"

ಒಳಗೆ ಅಮ್ಮ ಕೇಳಿಸಿಕೊಳ್ಳುತ್ತಿದ್ದಳೆಂದು ಗೊತ್ತಿದ್ದರೂ ದನಿ ಏರಿಸಿದೆ. ಆಮೇಲೆ ನಾನು ಆಫೀಸಿನಲ್ಲಿ ಹೇಳಿ ಹೇಳಿ ಸಾಕಾಗಿದ್ದನ್ನೇ ಅಲ್ಲಿ ಹೇಳಿದೆ. ಯಾರೂ ಬೆಲ್ ಕಾಯುವುದು ಬೇಡ. ಒಬ್ಬೊಬ್ಬರಿಗೆ ಒಂದೊಂದು ಹೊತ್ತು, ಆ ಹೊತ್ತಿನಲ್ಲಿ ಬೇರೆಯವರು ತಲೆಹಾಕುವಂತಿಲ್ಲ. ಬೆಳಗಿನ ಹೊತ್ತು, ಮಾತ್ರೆಯೂ ಸೇರಿ, ತಮ್ಮನದು. ಮಧ್ಯಾಹ್ನ ಅವನ ಹೆಂಡತಿಯದು. ಆಫೀಸಿನಿಂದ ಬಂದ ಮೇಲೆ ನನ್ನದು. ರಜೆಯ ದಿನ ನನ್ನ ಗಂಡ ಬರಲಿ, ಅವರ ಅತ್ತೆಯೂ ಹೌದು. ಹೋಗಬೇಕು, ನೋಡಬೇಕು, ಬೇಕಾ ಎಂದು ಕೇಳಬಾರದು. ಲೋಟ ಕೈಗೆ ಕೊಡಬೇಕು. "ಬಾ ಅಮ್ಮ, ಒಂದು ಸುತ್ತು ನಡೆಯೋಣ" ಎಂದು ಎಬ್ಬಿಸಿ ಬಾತ್‌ರೂಮಿನ ಕಡೆಗೇ ನಡೆಸಬೇಕು.

"ಹೋಗಿ ನೋಡಿದಾಗ ಎಂತದೂ ಬೇಕಾಗಿರದಿದ್ರೆ? ಸುಮ್ನೆ ಟೈಮ್ ವೇಸ್ಟ್ ಅಲ್ವಾ?" ಎಂದ ತಮ್ಮ.

ಅವನು ಈ ಮಾತು ಹೇಳುವ ಒಂದು ವಾರದ ಹಿಂದೆ ಮ್ಯಾನೇಜರ್ ಸಾಹೇಬರು ಇದನ್ನೇ ಹಿಂದಿಯಲ್ಲಿ ಹೇಳಿದ್ದರು. ಹೊಸ ಮಷಿನ್ನೂ ಪೇಟೆ ತೆರೆಯುವಾಗ ಕಣ್ಣು ಮುಚ್ಚಿದ ಮೇಲೆ, ಬೇರೆ ಗತಿಯಿಲ್ಲದೆ ನನ್ನ ದಾರಿಗೆ ಒಪ್ಪಿದ್ದರು. ಬಾಗಿಲಿನ ಸಾಲನ್ನು ಒಡೆದು ಕೆಲವು ಕೋರುಗಳಿಗೆ ಹಂಚಿದೆ, ಒಂದಕ್ಕೆ ಒಂದು ಸಾಲು. ಬೆಲ್ ಮುಚ್ಚಿಸಿದೆ. ಅವು ತಂತಮ್ಮ ಸಾಲನ್ನು ನೋಡುತ್ತಲೇ ಇರಬೇಕು, ಅಷ್ಟೇ ಅವುಗಳ ಕೆಲಸ. ಸಾಹೇಬರು ಪರದೆ ನೋಡಿ ಹೌಹಾರಿದರು. ಪೋಲಿಂಗ್ ಮಾಡುವ ಕೋರು, ಪ್ಯಾಕೆಟ್ ಬರಲಿ ಬಿಡಲಿ, ನೂರಕ್ಕೆ ನೂರು ಕೆಲಸದಲ್ಲಿರುವಂತೆ ಕೆಂಪಗೆ ಕಾಣುತ್ತದೆ. "ಯೇ ತೋ ಖಾಲಿ ಘೂಮ್ ರಹಾ ಹೈ ಮೇಡಂ. ವೇಸ್ಟ್ ಹೈ" ಎಂದರು, ಸುಮ್ಮನೆ ಗಿರಗಿರ ತಿರುಗುತ್ತಿದೆಯಂತೆ. ಉಸಿರುಗಟ್ಟಿ ಸಾಯುವವನನ್ನು ಕಂಡಾಗ ಆರಾಮ ಎಂದವರು, ಕಣ್ಣು ತೆರೆದು ಕಾಯುವವನನ್ನು ಕಂಡು ದಂಡ ಎನ್ನುತ್ತಿದ್ದರು. ನೋಡುತ್ತಿರುವುದೂ ಕೆಲಸ ಎಂದು ಇವರ ತಲೆಗೆ ಹೋಗುವುದಾದರೂ ಹೇಗೆ? ಇವರ ಮನೆಗಳಲ್ಲಿ ಅದನ್ನು ಯಾರೋ ಹೆಂಗಸು ಮಾಡಿಕೊಂಡು ಬಂದಿರುತ್ತಾಳೆ, ಹಗಲೆಲ್ಲ ಮನೆಯಲ್ಲಿ ಏನು ಮಾಡುತ್ತೀಯ ಎಂದು ಕೇಳಿಸಿಕೊಂಡು.

"ವೇಸ್ಟ್ ಆಗ್ಲಿ" ಎಂದೆ ತಮ್ಮನಿಗೆ. "ನೀನು ಚಹಾಕ್ಕೆ ಎದ್ದಾಗಲೆಲ್ಲ ಅವಳ ಕೋಣೆಗೆ ಹೋಗಿಯೇ ಚಹಾ ಕುಡಿ. ಎಂತದೂ ಬೇಡದಿದ್ರೆ ಕೂತು ಬಾ."

ತಮ್ಮನ ಹೆಂಡತಿ ಎದ್ದು ಹೋಗಿ ಅಮ್ಮನ ಕೊರಳಿನ ದಾರ ಬಿಚ್ಚಿಕೊಂಡು ಬಂದಳು. "ಅತ್ತಿಗೆ, ನಮ್ಮ ಮನೆಯಲ್ಲಿ ಬೇಡ ಅಂದ್ರೆ ಬೇಡ. ನನಗೆ ಯಾರೂ ಹೇಳ್ಲಿಲ್ಲ" ಎಂದಳು. ಅವಳ ಕಣ್ಣು ತುಂಬಿತ್ತು. ಅವಳ ಮೇಲಿನ ನನ್ನ ಸಿಟ್ಟು ಅಲ್ಲಿಗೆ ಮುಗಿಯಿತು.

ಆಫೀಸಿನಲ್ಲಿ ಪರದೆಗಳು ನಿಲ್ಲುವುದು ನಿಂತಿತು. ಪೇಟೆ ಎಷ್ಟು ಜೋರಾಗಿ ತೆರೆದರೂ ಬೆಲೆಗಳು ನೀರು ಹರಿದಂತೆ ಬಂದವು. ದಲ್ಲಾಳಿಗಳ ಬೈಗುಳ ನಿಂತಿತು. ಮೇಲಿನವರ ಸಭೆಯಲ್ಲಿ ಸಾಹೇಬರು, ದೊಡ್ಡ ಮಷಿನ್ ತರಿಸಿದ್ದು ಸಾರ್ಥಕವಾಯಿತು ಎಂದು ವರದಿ ಒಪ್ಪಿಸಿದರು. ನಾನು ಅಲ್ಲೇ ಎದ್ದು ನಿಂತು, ಹಳೆಯ ಮಷಿನ್ನಿನಲ್ಲೂ ಇದೇ ಏರ್ಪಾಡು ಮಾಡಿ ತೋರಿಸುತ್ತೇನೆ ಎಂದೆ. ಯಾರೂ ಬೇಡವೆನ್ನಲಿಲ್ಲ, ಬೇಕೆಂದೂ ಎನ್ನಲಿಲ್ಲ. ನಾನೇ ಹಳೆಯದನ್ನು ಗೋದಾಮಿನಿಂದ ತರಿಸಿ ಜೋಡಿಸಿದೆ. ಒಂದು ಬೆಳಿಗ್ಗೆ ಅದನ್ನು ಎಲ್ಲರ ಎದುರು ಪೇಟೆಗೆ ಹಚ್ಚಿದೆ.

ಪೇಟೆ ತೆರೆಯಿತು. ಕೋರುಗಳು ಕೆಂಪಗೆ ಉರಿದವು, ಪರದೆ ಒಂದು ಕ್ಷಣವೂ ನಿಲ್ಲಲಿಲ್ಲ. ಸಾಹೇಬರು ಬಾಯಿ ತೆರೆಯುವಷ್ಟರಲ್ಲಿ ನನ್ನ ಮೊಬೈಲಿಗೆ ಅಮ್ಮನ ಫೋನು ಬಂತು. ಆಸ್ಪತ್ರೆಯಿಂದ ಬಂದ ಮೇಲೆ ಅಮ್ಮ ತಾನಾಗಿ ಫೋನು ಮಾಡಿದ್ದು ಅದೇ ಮೊದಲು. ಏನಾಯಿತೋ ಎಂದು ಜೀವ ಬಾಯಿಗೆ ಬಂತು. ಅಲ್ಲಿಯೇ, ಎಲ್ಲರ ನಡುವೆಯೇ ಎತ್ತಿಕೊಂಡೆ.

"ಮಗಾ, ಒಂದು ಮಾತು" ಎಂದಳು ಅಮ್ಮ, ದನಿ ತಗ್ಗಿಸಿ. "ಅವನು ಬೆಳಿಗ್ಗೆಯಿಂದ ಆಗಲೇ ಎರಡು ಮೂರು ಸಲ ಬಂದ. ನೀರು ಕೊಟ್ಟ. ಕೈ ಹಿಡ್ಕೊಂಡು ಬಾತ್‌ರೂಮಿಗೆ ಕರ್ಕೊಂಡು ಹೋದ. ಗಂಡುಹುಡುಗ, ಅವನಿಗೆ ಇದೆಲ್ಲ ಯಾಕೆ? ನಂಗೆ ನೋಡ್ಲಿಕ್ಕೆ ಆಗುವುದಿಲ್ಲ. ನೀನೇ ಆ ಕೆಲಸ ಬಿಟ್ಟು ಬಂದ್ಬಿಡು."

ತಮ್ಮ ಹೇಳಿದಾಗ, ಗಂಡ ಹೇಳಿದಾಗ ಬಂದ ಸಿಟ್ಟು ಬೇರೆ. ಅವರಿಗೆ ಉತ್ತರ ಕೊಡಲು ನನ್ನ ಬಾಯಿ ಗಟ್ಟಿಯಿದೆ. ಇವಳಿಗಾಗಿ ಇಷ್ಟೆಲ್ಲ ಜಗಳವಾಡಿದ್ದು, ಇವಳೇ ಬೇಡ ಎನ್ನುತ್ತಿದ್ದಳು. ಅದೂ ಪಂಕ್ತಿಯ ಬೇಡ ಅಲ್ಲ, ನಿಜವಾದದ್ದು. ಮಗನ ಕೈಯಿಂದ ನೀರು ಕುಡಿಯುವುದು ಅವಳಿಗೆ ಸಂಕಟ, ಮಗಳ ಇಡೀ ಕಸುಬನ್ನು ಕುಡಿದುಬಿಡುವುದು ಸಂಕಟವಲ್ಲ.

"ಅಮ್ಮ, ಅವನು ಕೊಟ್ಟ ನೀರು ಕುಡಿದೆಯಾ?"

"ಕುಡಿದೆ. ನಿಂತುಕೊಂಡೇ ಇರ್ತಾನಲ್ಲ, ಕುಡಿಯದೆ ಬಿಡುವುದಿಲ್ಲ."

"ನಾನು ಕೆಲಸ ಬಿಡುವುದಿಲ್ಲ ಅಮ್ಮ. ಅವನು ನಾಳೆಯೂ ಬರ್ತಾನೆ."

ಅಮ್ಮ ಫೋನು ಇಟ್ಟಳು. ನಾನು ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿ, ಸಾಹೇಬರ ಕಡೆ ತಿರುಗಿ, "ಹಾಂ, ಈಗ ಹೇಳಿ ಸರ್" ಎಂದೆ.